ನೊರೆ, ಅಲಗು ಮತ್ತು ಶ್ರೀಗಂಧ

ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ಹವ್ಯಾಸಿಗಳ ಒಂದು ವಿಶಿಷ್ಟ ಬಳಗವಿದೆ. ಅಜ್ಜಂದಿರ ಕಾಲದ ಕ್ಷೌರಪದ್ಧತಿಯೇ ಅವರ ಹವ್ಯಾಸ. ಬಿಸಿನೀರಿನಿಂದ ಗಡ್ಡವನ್ನು ಮೆದುಗೊಳಿಸುವುದು, ಕುಂಚದಿಂದ ಸಾಬೂನನ್ನು ತಿಕ್ಕಿ ನೊರೆ ಎಬ್ಬಿಸುವುದು, ಅಲಗನ್ನು ಒತ್ತದೆ ಕೂದಲು ಬೆಳೆದ ದಿಕ್ಕಿನಲ್ಲಿ ಎಳೆಯುವುದು, ಕೊನೆಗೆ ತಣ್ಣೀರು ಹಾಗೂ ಪಟಿಕ. ಇಷ್ಟನ್ನು ಕುರಿತು ಅವರು ಗಂಟೆಗಟ್ಟಲೆ ಸಂವಾದಿಸಬಲ್ಲರು. ಮಾತು ಅಲ್ಲಿಂದ ಶಾಯಿ ಪೆನ್ನಿಗೆ, ಕೀಲಿ ಕೊಡುವ ಗಡಿಯಾರಕ್ಕೆ, ಕಾಫಿ ಹುರಿಯುವ ಹದಕ್ಕೆ ಹೊರಳುತ್ತದೆ. ಹೊಸಬನೊಬ್ಬ ಗಲ್ಲ ಕುಯ್ದುಕೊಂಡರೆ ಹಳಬರು ಅಲಗು ಹಿಡಿಯುವ ಓರೆಯನ್ನು ತಾಳ್ಮೆಯಿಂದ ಹೇಳಿಕೊಡುತ್ತಾರೆ. ತಮ್ಮಲ್ಲಿ ಹೆಚ್ಚಾದ ಸಲಕರಣೆಯನ್ನು ಅವನಿಗೆ ಉಚಿತವಾಗಿ ಕೊಡುವುದೂ ಉಂಟು. ಮುಂದೆ ಅವನೂ ಇನ್ನೊಬ್ಬನಿಗೆ ಹಾಗೆಯೇ ಕೊಡಬೇಕೆಂಬುದಷ್ಟೇ ನಿರೀಕ್ಷೆ.

ಗಡ್ಡದ ಮಾತಿಗೆ ಪರಿಸರದ ಪುಟದಲ್ಲೇನು ಕೆಲಸವೆಂದು ಓದುಗರಿಗೆ ಅನ್ನಿಸಬಹುದು. ಕ್ಷೌರದ ಚರಿತ್ರೆಯೆಂದರೆ ಬಿಸಾಡುವ ಸಂಸ್ಕೃತಿಯ ಚರಿತ್ರೆಯೂ ಹೌದು. ಕಿಂಗ್ ಕ್ಯಾಂಪ್ ಜಿಲೆಟ್ ಸ್ಥಾಪಿಸಿದ ಕಂಪನಿ 1903ರಲ್ಲಿ ಮಾರಿದ್ದು 51 ರೇಜರು ಮತ್ತು 168 ಬ್ಲೇಡುಗಳನ್ನು ಮಾತ್ರ. ಮರುವರ್ಷ ರೇಜರುಗಳ ಮಾರಾಟ 90 ಸಾವಿರ ದಾಟಿತು. ಹಿಡಿಕೆ ಒಮ್ಮೆ, ಅಲಗು ಮತ್ತೆಮತ್ತೆ ಎಂಬ ವ್ಯಾಪಾರತಂತ್ರ ಅಲ್ಲಿಂದ ಬೇರೂರಿತು. 1971ರಲ್ಲಿ ಜೋಡಿ ಅಲಗು, 1975ರಲ್ಲಿ ಹಿಡಿಕೆಯೊಡನೆಯೇ ಎಸೆಯುವ ಪ್ಲಾಸ್ಟಿಕ್ ರೇಜರು, 1998ರಲ್ಲಿ ಮೂರು ಅಲಗು, 2006ರಲ್ಲಿ ಐದು ಅಲಗು ಬಂದವು. ಬಿಡಿ ಬ್ಲೇಡು ಶುದ್ಧ ಉಕ್ಕು, ಕೂಡಿಟ್ಟರೆ ಕರಗಿಸಬಹುದು. ಉಕ್ಕು, ಪ್ಲಾಸ್ಟಿಕ್, ರಬ್ಬರು ಬೆಸೆದ ವಸ್ತುವನ್ನು ಬೇರ್ಪಡಿಸುವುದು ಕಷ್ಟ. ಅದು ಕಸವಾಗಿ ಹಳ್ಳದ ದಂಡೆ ಸೇರುತ್ತದೆ. ಹೀಗಿರುವಾಗ ಹಿಂದಿನ ಸರಳ ಉಪಕರಣಕ್ಕೆ ಮರಳಿದವರ ನಡೆ ಸ್ವಾಗತಾರ್ಹ.

ಆದರೆ ಆ ಬಳಗದಲ್ಲಿ ಮತ್ತೊಂದು ಚಾಳಿಯೂ ಇದೆ. ಮುಖ ಒಂದು, ಸಾಬೂನು ನಲವತ್ತು. ಕೊಳ್ಳುವ ಚಟವನ್ನು ಅವರೇ ಒಂದು ಕಾಯಿಲೆಯೆಂದು ಕರೆದು ನಗುತ್ತಾರೆ. ಮಿತವ್ಯಯದಿಂದ ಆರಂಭವಾದ ಹವ್ಯಾಸ ಕಪಾಟು ತುಂಬುವ ಹವ್ಯಾಸವಾದರೆ ಅದರ ಭಾರ ಯಾವುದೋ ಗುಡ್ಡದ ಮೇಲೆ ಬೀಳುತ್ತದೆ. ಕ್ಷೌರಕತ್ತಿಯನ್ನು ಮಸೆಯಲು ಹೆಸರಾದ ಕೋಟಿಕ್ಯೂಲ್ ಎಂಬ ಹಳದಿ ಸಾಣೆಕಲ್ಲು ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಸೀಮೆಯ ತೆಳು ಪದರಗಳಲ್ಲಿ ದೊರೆಯುತ್ತದೆ. ಅಗೆದ ಪದರ ಮತ್ತೆ ಬೆಳೆಯುವುದಿಲ್ಲ.

ಮಲೆನಾಡಿಗೆ ಇನ್ನೂ ಹತ್ತಿರದ ಸಂಗತಿ ಶ್ರೀಗಂಧ. ಬ್ರಿಟನ್ನಿನ ಕ್ಷೌರದ ಸಾಬೂನುಗಳಲ್ಲಿ ಗಂಧದ ಪರಿಮಳಕ್ಕೆ ಹಳೆಯ ಮನ್ನಣೆಯಿದೆ. ಹವ್ಯಾಸಿಗಳ ಮಾತಿನಲ್ಲಿ ಮೈಸೂರಿನ ಹೆಸರು ಗೌರವದಿಂದ ಬರುತ್ತದೆ. ಮೈಸೂರಿನಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದದ್ದು 1916ರಲ್ಲಿ. ಇಂದು ಅಗ್ಗದ ಸಾಬೂನುಗಳಲ್ಲಿ ಇರುವುದು ಬಹುಮಟ್ಟಿಗೆ ಕೃತಕ ಸುವಾಸನೆ; ನಿಜವಾದ ಎಣ್ಣೆಯ ಒಂದು ಭಾಗ ಆಸ್ಟ್ರೇಲಿಯದ ಕನುನುರಾದಲ್ಲಿ ಬೆಳೆಸಿದ ಇದೇ ಶ್ರೀಗಂಧದ ತೋಪುಗಳಿಂದ ಬರುತ್ತದೆ. ತವರಿನಲ್ಲಿ ಮರ ವಿರಳವಾಗಿದೆ. 1998ರಲ್ಲೇ ಅದು ಅಪಾಯಕ್ಕೆ ಈಡಾಗಬಲ್ಲ ಪ್ರಭೇದಗಳ ಜಾಗತಿಕ ಪಟ್ಟಿಗೆ ಸೇರಿತು.

ಕಾರಣಗಳು ಹಲವು. ಶ್ರೀಗಂಧ ಅರೆಪರಾವಲಂಬಿ; ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ಜೋಡಿಸಿ ಆಹಾರಾಂಶ ಹೀರುತ್ತದೆ. ಸುತ್ತಲಿನ ಪೊದೆ ಸವರಿದರೆ ಅದೂ ಸೊರಗುತ್ತದೆ. ಎಣ್ಣೆ ತುಂಬಿದ ಚೇಗು ಬಲಿಯಲು ದಶಕಗಳು ಬೇಕು. ಕಳ್ಳನಿಗೆ ಒಂದು ರಾತ್ರಿ ಸಾಕು. ಕೊಡಗಿನಲ್ಲಿ 1899ರಲ್ಲಿ ಗುರುತಿಸಲಾದ ಕದಿರು ರೋಗ ತಗುಲಿದ ಮರವನ್ನು ಗುಣಪಡಿಸುವ ಮದ್ದು ತೋಟದ ಮಟ್ಟದಲ್ಲಿ ಇನ್ನೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಸ್ವಂತ ಜಮೀನಿನ ಗಂಧದ ಮರವೂ ಸರ್ಕಾರದ ಸೊತ್ತೆಂಬ ನಿಯಮದಿಂದಾಗಿ, ತೊಂದರೆಯೇ ಬೇಡವೆಂದು ರೈತರು ಸಸಿಯನ್ನೇ ಕಿತ್ತೆಸೆಯುತ್ತಿದ್ದ ಕಾಲವಿತ್ತು. 2001ರ ಕಾನೂನು ತಿದ್ದುಪಡಿ ಜಮೀನಿನ ಒಡೆಯನಿಗೆ ಮರದ ಹಕ್ಕು ನೀಡಿತು. ಕಾನೂನು ಬದಲಾದಷ್ಟು ಬೇಗ ಭಯ ಅಳಿಯುವುದಿಲ್ಲ; ಬೇಲಿಯಲ್ಲಿ ತಾನಾಗಿ ಹುಟ್ಟಿದ ಸಸಿಗೆ ಇಂದಿಗೂ ಕತ್ತಿ ಬೀಳುವುದುಂಟು.

ಹವ್ಯಾಸಿಗಳ ಸಂವಾದದಿಂದ ಕಲಿಯಬೇಕಾದದ್ದು ಕ್ಷೌರದ ವಿಧಾನವನ್ನಲ್ಲ. ತಿಳಿದದ್ದನ್ನು ಬಚ್ಚಿಡದೆ ಹಂಚುವ ಗುಣ ಅಲ್ಲಿದೆ. ಅದು ಮಲೆನಾಡಿಗೂ ಹೊಸದಲ್ಲ: ಇಲ್ಲಿನ ಹೆಣ್ಣುಮಕ್ಕಳು ಡೇರೆಗೆಡ್ಡೆಯನ್ನೂ ತರಕಾರಿ ಬೀಜವನ್ನೂ ಮನೆಯಿಂದ ಮನೆಗೆ ದಾಟಿಸುತ್ತ ಬಂದದ್ದು ಇದೇ ರೀತಿಯಲ್ಲಿ. ಅದೇ ಮಾತುಕತೆಯಲ್ಲಿ ಶ್ರೀಗಂಧಕ್ಕೂ ಜಾಗ ಸಿಗಬೇಕು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬೇಲಿಗೆ ತಂದು ಹಾಕುವ ಕೆಲಸ ನಡೆಸಿಯೇ ಇವೆ. ವಿದ್ಯಾರ್ಥಿಗಳು ತಮ್ಮ ಊರಿನ ಬೇಲಿಗಳಲ್ಲಿರುವ ಸಸಿಗಳನ್ನು ಗುರುತಿಸಿ ಒಡೆಯರಿಗೆ ಹಕ್ಕಿನ ವಿಷಯ ತಿಳಿಸಬಹುದು. ರೈತರು ಸಸಿಯ ಸುತ್ತಲಿನ ಪೊದೆಯನ್ನು ಉಳಿಸಬಹುದು. ಹೊಸದಾಗಿ ನೆಡುವವರು ಆಸರೆಗೆ ಪಕ್ಕದಲ್ಲೊಂದು ತೊಗರಿ ಬೀಜ ಊರಬಹುದು. ಮಳೆಗಾಲಕ್ಕೆ ಮೊದಲು ಬೇಲಿ ಸವರಲು ಹೊರಟವರು ಕತ್ತಿ ಎತ್ತುವ ಮುನ್ನ ಒಮ್ಮೆ ಬಗ್ಗಿ ನೋಡಿದರೂ ಸಾಕು.