ದನಿ ಉಳಿಯದ ವಾಕ್ಚಿತ್ರಕ್ಕೆ ಹುಸಿ ಜೀವ ಬೇಡ

ಕಳೆದುಹೋದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ವನ್ನು ಎಐ ಕೈಗೆ ಕೊಟ್ಟು ಮತ್ತೆ ತೆರೆಗೆ ತರಬಹುದು, ಇಂಗ್ಲೆಂಡಿನವರು ‘ಡಾಕ್ಟರ್ ಹೂ’ ಧಾರಾವಾಹಿಗೆ ಅದನ್ನೇ ಮಾಡಿದರಲ್ಲ ಎನ್ನುವವರು ಮುಖ್ಯ ಸಂಗತಿಯನ್ನೇ ನುಂಗಿಹಾಕುತ್ತಿದ್ದಾರೆ. ಬಿಬಿಸಿ ಆ ವೈಜ್ಞಾನಿಕ ಕಾಲ್ಪನಿಕ ಧಾರಾವಾಹಿಯ 1960ರ ದಶಕದ ಟೇಪುಗಳನ್ನು ಅಳಿಸಿತು, ಫಿಲ್ಮ್ ಪ್ರತಿಗಳನ್ನು ನಾಶಮಾಡಿತು, ನಿಜ. ಆದರೆ ನೋಡುಗರು ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಕಳೆದುಹೋದ ಪ್ರತಿ ಕಂತಿನ ದನಿಯನ್ನೂ ಹಿಡಿದಿಟ್ಟಿದ್ದರು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಎಷ್ಟೋ ಕಂತುಗಳನ್ನು ಟಿವಿ ಪರದೆಯಿಂದಲೇ ಫೋಟೊ ತೆಗೆದಿದ್ದ. 2006ರಲ್ಲಿ ‘ದಿ ಇನ್ವೇಷನ್’ ಕಥೆಯ ಎರಡು ಕಂತುಗಳು ಆನಿಮೇಷನ್ ಆಗಿ ಬಂದಾಗ ಕೇಳಿಸಿದ್ದು ಅಂದಿನ ನಟರದೇ ದನಿ, ಅವರದೇ ತಡವರಿಕೆ. ಹೊಸದಾಗಿದ್ದದ್ದು ಚಿತ್ರ ಮಾತ್ರ.

ನಮ್ಮಲ್ಲಿ ಏನು ಉಳಿದಿದೆ? ವೈ.ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು, ಸುಬ್ಬಯ್ಯ ನಾಯ್ಡು ಅವರ ಇಂದ್ರಜಿತು, ತ್ರಿಪುರಾಂಬಾ ಅವರ ಸುಲೋಚನೆ, ಆರ್. ನಾಗೇಂದ್ರರಾಯರ ರಾವಣ. ಇಂದು ಕಾಣಸಿಗುವುದು ಕೆಲವು ಸ್ಥಿರಚಿತ್ರ ಮತ್ತು ಇತಿಹಾಸಕಾರರು ಕೂಡಿಟ್ಟ ವಿವರ ಅಷ್ಟೇ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ಚಿತ್ರದ ಮಾತೇ ನಮ್ಮ ಬಳಿ ಇಲ್ಲ. ಆ ರಾವಣ ಎಲ್ಲಿ ದನಿ ಏರಿಸಿದ, ಎಲ್ಲಿ ಸುಮ್ಮನಾದ ಎಂದು ಯಾವ ಯಂತ್ರಕ್ಕೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಊಹಿಸಿ ಸತ್ತವರ ಬಾಯಿಗೆ ತುರುಕುವುದು ಪುನರ್‌ನಿರ್ಮಾಣವಲ್ಲ, ಕೃತ್ರಿಮ ದಾಖಲೆ. ಏನೂ ಇಲ್ಲದ್ದಕ್ಕಿಂತ ಇದಾದರೂ ಇರಲಿ ಎನ್ನುತ್ತಾರೆ. ಇರಬಾರದು. ಹತ್ತು ವರ್ಷ ಕಳೆದರೆ ಮಕ್ಕಳು ಇದೇ 1934ರ ಚಿತ್ರ ಎಂದು ನಂಬುತ್ತಾರೆ. ಅದೇ ಕಥೆಯ ಮೇಲೆ ಹೊಸ ಸಿನಿಮಾ ಮಾಡುವವರು ಧಾರಾಳವಾಗಿ ಮಾಡಲಿ, ತಮ್ಮ ಹೆಸರಿನಲ್ಲಿ ಮಾಡಲಿ. 2014ರಲ್ಲಿ ಕಪ್ಪು-ಬಿಳುಪಿನ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಬಳಿದಾಗ ಚಪ್ಪಾಳೆ ತಟ್ಟಿದೆವು. 2025ರಲ್ಲಿ ಹಿಂದಿಯ ‘ರಾಂಝಣಾ’ ಚಿತ್ರದ ತಮಿಳು ಅವತರಣಿಕೆಯ ಅಂತ್ಯವನ್ನೇ ನಿರ್ದೇಶಕರ ವಿರೋಧದ ನಡುವೆ ಎಐನಿಂದ ಬದಲಿಸಿದರು. ಈ ದಾರಿ ಎಲ್ಲಿಗೆ ಹೋಗುತ್ತದೆಂದು ಇನ್ನೂ ಬಿಡಿಸಿ ಹೇಳಬೇಕೇ?

ಅಸಲಿ ಫಿಲ್ಮ್ ಉಳಿಸುವುದರ ಬೆಲೆ ತಿಳಿಯಲು ಕಾಕನಕೋಟೆಯ ಕಾಡುಸೀಮೆಯನ್ನೇ ನೋಡಿ. ಅಲ್ಲಿನ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ ಸಾಬು ನಟಿಸಿದ, ಮೈಸೂರು ಸೀಮೆಯಲ್ಲಿ ಚಿತ್ರಿಸಿದ ‘ಎಲಿಫೆಂಟ್ ಬಾಯ್’ 1937ರದು. ಅದನ್ನು ಇಂದೂ ನೋಡಬಹುದು, ಕಾರಣ ಲಂಡನ್ನಿನ ಕಂಪನಿಯ ಆ ಚಿತ್ರವನ್ನು ಯಾರೋ ಜೋಪಾನ ಮಾಡಿದರು. ಬರೀ ಮೂರು ವರ್ಷ ಹಿಂದಿನ ನಮ್ಮ ಮೊದಲ ವಾಕ್ಚಿತ್ರ ಮಣ್ಣುಪಾಲಾಯಿತು. ಅಲ್ಲಿ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಜಾಗವನ್ನು ಕಬಿನಿ ಹಿನ್ನೀರು ನುಂಗಿದ ಮೇಲೆ ಹಳೆಯ ಫಿಲ್ಮಿನ ತುಣುಕೇ ಸಾಕ್ಷಿ. ಅದರ ಜಾಗಕ್ಕೆ ಯಂತ್ರ ಬರೆದ ಆನೆಗಳು ಬಂದರೆ ಸಾಕ್ಷಿ ಸತ್ತಂತೆಯೇ. ಮಾಸ್ತಿಯವರ ನಾಟಕದಿಂದ ಸಿ.ಆರ್. ಸಿಂಹ 1977ರಲ್ಲಿ ಮಾಡಿದ ‘ಕಾಕನಕೋಟೆ’ ಚಿತ್ರದ ನಟ ಲೋಕೇಶ್, ಅದೇ ಸುಬ್ಬಯ್ಯ ನಾಯ್ಡು ಅವರ ಮಗ. ತಂದೆಯ ಚಿತ್ರ ಹೋಯಿತು. ಮಗನ ಚಿತ್ರದ ನೆಗೆಟಿವ್ ಯಾವ ಸ್ಥಿತಿಯಲ್ಲಿದೆ ಎಂದು ಕೇಳುವುದು ಈಗಿನ ತುರ್ತು. ಎಐಗೆ ಸುರಿಯುವ ದುಡ್ಡು ಮೊದಲು ಅಂಥ ರೀಲುಗಳ ಸ್ಕ್ಯಾನಿಂಗಿಗೆ ಹೋಗಲಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಗಳಲ್ಲಿ ಟಾಕೀಸು, ಟೂರಿಂಗ್ ಟಾಕೀಸು ನಡೆಸಿದ ಮನೆತನದವರಲ್ಲಿ ಒಂದು ಮನವಿ. ಅಟ್ಟದ ಮೇಲಿನ ತಗಡಿನ ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿದರೆ ಒಳಗಿನ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಗುಜರಿಗೆ ಹಾಕಬೇಡಿ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಇವತ್ತೇ ತಿಳಿಸಿ.