ಗಿಳಿಯ ಮಾತಿಗೆ ಹೊಣೆ ಯಾರು?

ಗಣಕಯಂತ್ರಗಳು ಈಗ ಕನ್ನಡದಲ್ಲಿಯೂ ಮಾತನಾಡುವುವು. ಕೇಳಿದ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವುವು. ತಪ್ಪೆಂದು ತೋರಿಸಿದರೆ ವಿನಯದಿಂದ ಕ್ಷಮೆಯನ್ನೂ ಬೇಡುವುವು. ಇದನ್ನು ಕಂಡು ಬೆರಗಾದವರು ಯಂತ್ರಕ್ಕೆ ಬುದ್ಧಿ ಬಂದಿತೆನ್ನುವರು. ಬೆರಗಾಗದವರು ಬರಿಯ ಗಿಳಿಪಾಠವೆಂದು ತಳ್ಳಿಹಾಕುವರು. ಎರಡನೆಯವರ ಮಾತು ಬಹುಮಟ್ಟಿಗೆ ಸರಿ. ಅಪಾರವಾದ ಬರಹರಾಶಿಯನ್ನು ಆಧರಿಸಿ, ಯಾವ ಪದದ ಮುಂದೆ ಯಾವ ಪದ ಬರುವ ಸಂಭವವುಂಟೆಂದು ಎಣಿಸಿ, ಪದಕ್ಕೆ ಪದವನ್ನು ಕೂಡಿಸುವುದೇ ಆ ಯಂತ್ರದ ಕೆಲಸ. ಆದರೆ ಗಿಳಿಯೆಂದೊಡನೆ ವಿಚಾರ ಮುಗಿಯಿತೆಂದು ತಿಳಿಯುವುದು ಅವಸರ.

ನಮ್ಮ ನೈಯಾಯಿಕರು ಗಿಳಿಯ ಮಾತನ್ನು ಹಾಸ್ಯಕ್ಕೆ ಬಿಟ್ಟವರಲ್ಲ. ವಾಕ್ಯದಿಂದ ಅರ್ಥಬೋಧವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೊಡನೆ ಹೇಳಿದವನ ತಾತ್ಪರ್ಯದ ಅರಿವೂ ಬೇಕು. ಗಿಳಿಗೆ ತಾತ್ಪರ್ಯವೆಲ್ಲಿ? ಆದರೂ ಅದರ ಮಾತು ಕೇಳಿದವನಿಗೆ ಅರ್ಥವಾಗುವುದಷ್ಟೆ. ವಿಶ್ವನಾಥ ಪಂಚಾನನನು ನ್ಯಾಯಸಿದ್ಧಾಂತಮುಕ್ತಾವಳಿಯಲ್ಲಿ ಇದಕ್ಕೆ ಕೊಟ್ಟ ಸಮಾಧಾನ ಹೀಗಿದೆ: ಗಿಳಿಯ ಮಾತು ವಸ್ತುಸ್ಥಿತಿಗೆ ಒಪ್ಪಿದರೆ ಅಲ್ಲಿ ಈಶ್ವರನ ತಾತ್ಪರ್ಯ, ಒಪ್ಪದೆ ವಿಸಂವಾದಿಯಾದರೆ ಕಲಿಸಿದವನ ತಾತ್ಪರ್ಯ. (ಸಂವಾದವೆಂದರೆ ಬರಿಯ ಮಾತುಕತೆಯೆಂದು ಈಗಿನವರು ತಿಳಿದಿರುವುದು ಬೇರೆಯ ಕಥೆ.) ಈಶ್ವರನ ಪಾಲಿನ ಬಗೆಗೆ ಚಾರ್ವಾಕರು ಜಗಳವಾಡಲಿ, ಎರಡನೆಯ ಪಾಲನ್ನು ಅಲ್ಲಗಳೆಯುವುದು ಯಾರಿಗೂ ನ್ಯಾಯವಲ್ಲ.

ಅಲ್ಲಗಳೆಯಲು ನೋಡಿದವರುಂಟು. 2021ರ ಜೂನಿನಲ್ಲಿ, ಭಾರತದ ಅತಿ ಕುರೂಪವಾದ ಭಾಷೆ ಯಾವುದೆಂದು ಕೇಳಿದವರಿಗೆ ಗೂಗಲ್ ಯಂತ್ರವು ಕನ್ನಡವೆಂದು ಉತ್ತರವಿತ್ತಿತು. ನಾಡು ಕೆರಳಿತು, ಸಂಸ್ಥೆಯವರು ಕ್ಷಮೆ ಕೇಳಿದರು. ಕೇಳುತ್ತಲೇ, ಅದು ತಮ್ಮ ಅಭಿಪ್ರಾಯವಲ್ಲವೆಂದೂ ಸೇರಿಸಿದರು. ಹಾಗಾದರೆ ಯಾರದು? ಏರ್ ಕೆನಡಾ ಎಂಬ ವಿಮಾನ ಸಂಸ್ಥೆ ಇನ್ನೂ ಮುಂದೆ ಹೋಯಿತು. 2022ರಲ್ಲಿ, ಅಜ್ಜಿ ತೀರಿಕೊಂಡುದರಿಂದ ಪ್ರಯಾಣ ಹೊರಡಬೇಕಾದವನೊಬ್ಬನಿಗೆ ಅದರ ಸಂಭಾಷಣಾಯಂತ್ರವು, ಟಿಕೆಟ್ ಕೊಂಡ ಮೇಲೆ 90 ದಿನಗಳೊಳಗೆ ರಿಯಾಯಿತಿಗೆ ಅರ್ಜಿ ಹಾಕಬಹುದೆಂದಿತು. ಹಾಕಿದಾಗ, ಅಂಥ ನಿಯಮವಿಲ್ಲವೆಂದರು. ಯಂತ್ರವು ತನ್ನ ಮಾತಿಗೆ ತಾನೇ ಹೊಣೆಯೆಂಬ ಅರ್ಥದ ವಾದವನ್ನೂ ಹೂಡಿದರು! 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯದ ನ್ಯಾಯಮಂಡಲಿ ಆ ವಾದವನ್ನು ತಿರಸ್ಕರಿಸಿ ಹಣ ಕೊಡಿಸಿತು. ಕಲಿಸಿದವನನ್ನು ಹಿಡಿಯಬೇಕೆಂಬುದು ಅಲ್ಲಿಯವರಿಗೂ ಹೊಳೆಯಿತು.

ಚನ್ನಪಟ್ಟಣದಲ್ಲಿ ಇದಕ್ಕೆ ತರ್ಕಶಾಸ್ತ್ರವೂ ಬೇಡ. ಇಲ್ಲಿಯ ಬೊಂಬೆಗೆ ಬಳಿದ ಅರಗಿನ ಬಣ್ಣದಿಂದ ಮಗುವಿಗೆ ಕೇಡಾದರೆ ತಾಯಿ ಬೊಂಬೆಯನ್ನು ಬೈಯಳು. ಮಾಡಿದವನ ಅಂಗಡಿಗೆ ಬರುವಳು. ಆದರೆ ಇದೇ ಸೀಮೆಯ ರೈತನು ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಮದ್ದೇನೆಂದು ಕೈಯಲ್ಲಿರುವ ಫೋನನ್ನು ಕೇಳಿ, ಅದು ಹೇಳಿದಂತೆ ಮಾಡಿ, ಒಂದು ಬೆಳೆಯನ್ನೇ ಕಳೆದುಕೊಂಡರೆ ಯಾರ ಅಂಗಡಿಗೆ ಹೋಗಬೇಕು? ಉತ್ತರದ ಕೆಳಗೆ, ತಪ್ಪಿರಬಹುದು, ಪರಿಶೀಲಿಸಿರಿ ಎಂಬ ಸಣ್ಣಕ್ಷರದ ಒಕ್ಕಣೆಯಿರುವುದು. ಪರಿಶೀಲಿಸಬಲ್ಲವನಾಗಿದ್ದರೆ ಅವನು ಕೇಳುತ್ತಲೇ ಇರಲಿಲ್ಲ. ರೇಷ್ಮೆ ಇಲಾಖೆಯ ನೌಕರನು ತಪ್ಪು ಹೇಳಿದರೆ ಅವನ ಹೆಸರು ಗೊತ್ತು, ಕಚೇರಿ ಗೊತ್ತು, ಮೇಲಿನವರಿಗೆ ಅರ್ಜಿ ಹಾಕಬಹುದು. ಕನ್ನಡದಲ್ಲಿ ಉತ್ತರ ಹೇಳಿ ಲಾಭ ಪಡೆಯುವ ಸಂಸ್ಥೆಗಳೂ, ಕನ್ನಡದಲ್ಲಿಯೇ ದೂರು ಕೇಳುವ, ಹೆಸರೂ ವಿಳಾಸವೂ ಉಳ್ಳ ಒಬ್ಬ ಮನುಷ್ಯನನ್ನು ಈ ನಾಡಿನೊಳಗೆ ನಿಲ್ಲಿಸಲಿ. ಸರ್ಕಾರವು ತನ್ನ ಕಚೇರಿಗಳಲ್ಲಿ ಇಂಥ ಯಂತ್ರವನ್ನು ಇರಿಸುವ ಮೊದಲು ಈ ನಿಬಂಧನೆಯನ್ನು ಒಪ್ಪಂದದಲ್ಲಿ ಬರೆಯಿಸಿಕೊಳ್ಳಬೇಕು.