ಫಿಲ್ಟರ್ ಸೋರುತ್ತೆ

ಸಿಗ್ನಲ್ಸ್ ಕ್ಲಾಸಲ್ಲಿ ಬೋರ್ಡ್ ಮೇಲೆ ಬರೆದ ಐಡಿಯಲ್ ಫಿಲ್ಟರ್ ನೆನಪಿದೆಯಾ? ಗೆರೆಯ ಈಚೆಗಿರೋದೆಲ್ಲ ಪಾಸ್, ಆಚೆಗಿರೋದೆಲ್ಲ ಸ್ಟಾಪ್. ಲ್ಯಾಬಿಗೆ ಹೋಗಿ ಕಟ್ಟಿ ನೋಡಿದ್ರೆ ಹಾಗಿರಲ್ಲ, ಬೇಡದ್ದೂ ಸ್ವಲ್ಪ ಬಂದೇ ಬರುತ್ತೆ. ನಮಗೆ ಅದರಿಂದ ಹೋಗೋದು ಒಂದೆರಡು ಮಾರ್ಕ್ಸ್ ಅಷ್ಟೆ. ಆದರೆ ಒಂದು ದೇಶ ತನ್ನ ಜನರ ಖಾಸಗಿತನವನ್ನೇ ಒಂದು ಫಿಲ್ಟರ್ ಕೈಗೆ ಕೊಟ್ಟುಬಿಟ್ರೆ?

ಜರ್ಮನಿಯಲ್ಲಿ, ಮ್ಯೂನಿಕ್‌ನ ಆಗ್ನೇಯಕ್ಕೆ, ಬಾಡ್ ಐಬ್ಲಿಂಗ್ ಅನ್ನೋ ಊರಿದೆ. ಅಲ್ಲಿ ಬಯಲಲ್ಲಿ ದೈತ್ಯ ಬಿಳಿ ಚೆಂಡುಗಳ ಹಾಗೆ ರೇಡೋಮ್‌ಗಳು ನಿಂತಿವೆ. ಒಳಗಿರೋದು ಡಿಶ್ ಆಂಟೆನಾ. ಮಳೆ, ಹಿಮ ತಾಗಬಾರದು, ಡಿಶ್ ಯಾವ ಉಪಗ್ರಹದ ಕಡೆ ಮುಖ ಮಾಡಿದೆ ಅಂತ ಹೊರಗಿನವರಿಗೆ ಕಾಣಲೂಬಾರದು ಅಂತ ಈ ಹೊದಿಕೆ. ಉಪಗ್ರಹದ ಡೌನ್‌ಲಿಂಕ್ ಟಾರ್ಚ್ ಬೆಳಕಿನ ಹಾಗೆ ನೂರಾರು, ಸಾವಿರಾರು ಕಿಲೋಮೀಟರ್ ಹರಡುತ್ತೆ. ಮಾತು ಯಾರಿಗೇ ಹೋಗ್ತಿರಲಿ, ಆ ಬೆಳಕಿನೊಳಗೆ ಡಿಶ್ ಇಟ್ಟವರು ಸಿಗ್ನಲ್ ಹಿಡೀಬಹುದು.

ಶೀತಲ ಸಮರದ ಕಾಲದಿಂದ ಈ ಕೇಂದ್ರ ಅಮೆರಿಕದ ಕೈಲಿತ್ತು. 2004ರಲ್ಲಿ ಅವರು ಹೊರಟ ಮೇಲೆ ಜರ್ಮನಿಯ ವಿದೇಶಿ ಗುಪ್ತಚರ ಸಂಸ್ಥೆ ಬಿಎನ್‌ಡಿ ನಡೆಸೋಕೆ ಶುರು ಮಾಡ್ತು. 2002ರಲ್ಲೇ ಇಬ್ಬರ ನಡುವೆ ಒಪ್ಪಂದ ಆಗಿತ್ತು. ಅಮೆರಿಕದ ಎನ್‌ಎಸ್‌ಎ ಫೋನ್ ನಂಬರ್, ಇಮೇಲ್ ವಿಳಾಸಗಳ ಪಟ್ಟಿ ಕೊಡುತ್ತೆ. ಇವಕ್ಕೆ ಸೆಲೆಕ್ಟರ್ ಅಂತ ಹೆಸರು. ಬಿಎನ್‌ಡಿ ಅವನ್ನ ತನ್ನ ಸಿಸ್ಟಮ್‌ಗೆ ಹಾಕಿ, ಸಿಕ್ಕಿದ್ದನ್ನ ಹಂಚಿಕೊಳ್ಳುತ್ತೆ. ಒಂದು ಮುಖ್ಯ ಷರತ್ತು: ಜರ್ಮನ್ನರ ಮೇಲೆ, ಅಮೆರಿಕನ್ನರ ಮೇಲೆ ಕಣ್ಣಿಡೋ ಹಾಗಿಲ್ಲ.

ಇದನ್ನ ಕಾಯೋ ಕೆಲಸ ಫಿಲ್ಟರ್‌ದು. ನಂಬರ್ ಪ್ಲಸ್ 49ರಿಂದ ಶುರುವಾದ್ರೆ, ವಿಳಾಸ ಡಾಟ್ ಡಿಇ ಅಂತ ಮುಗಿದ್ರೆ ತೆಗೆದುಹಾಕು. ಸರಿ. ಆದರೆ ಡಾಟ್ ಕಾಮ್ ವಿಳಾಸ ಇರೋ ಜರ್ಮನ್? ನಮ್ಮ ಹಾಸ್ಟೆಲಲ್ಲೇ ನೋಡಿ, ಎಷ್ಟು ಜನರ ಇಮೇಲ್ ಡಾಟ್ ಇನ್ ಅಂತ ಮುಗಿಯುತ್ತೆ? ವಿಳಾಸಕ್ಕೆ ಪಾಸ್‌ಪೋರ್ಟ್ ಇರಲ್ಲ.

2013ರಲ್ಲಿ ಸ್ನೋಡೆನ್ ದಾಖಲೆಗಳು ಹೊರಬಂದ್ವು. ಆ ವರ್ಷವೇ ಚಾನ್ಸಲರ್ ಮರ್ಕೆಲ್, ಗೆಳೆಯರ ನಡುವೆ ಬೇಹುಗಾರಿಕೆ ಸಲ್ಲದು ಅಂದ್ರು. 2015ರಲ್ಲಿ ಅವರದೇ ಸಂಸ್ಥೆಯ ಕಥೆ ಬಯಲಾಯ್ತು: ಎನ್‌ಎಸ್‌ಎ ಕೊಟ್ಟ ಪಟ್ಟಿಯಲ್ಲಿ ಯುರೋಪಿನ ರಾಜಕಾರಣಿಗಳು, ಇಎಡಿಎಸ್‌ನಂಥ ಕಂಪನಿಗಳೂ ಇದ್ದವು. ಬಿಎನ್‌ಡಿ ತೆಗೆದುಹಾಕಿದ್ದ ಸೆಲೆಕ್ಟರ್‌ಗಳೇ ಸುಮಾರು 40 ಸಾವಿರ.

ನಂಗೆ ಚುಚ್ಚಿದ್ದು ಇದಕ್ಕಿಂತ ಮುಂದಿನ ಭಾಗ. ಸಂಸತ್ತಿನ ತನಿಖಾ ಸಮಿತಿ ಆ ಪಟ್ಟಿ ತೋರಿಸಿ ಅಂತು. ಸರ್ಕಾರ ಕೊಡಲಿಲ್ಲ. ಅಮೆರಿಕ ಒಪ್ಪದೆ ಕೊಟ್ರೆ ಸಹಕಾರ ಕೆಡುತ್ತೆ ಅನ್ನೋದು ಅವರ ವಾದ. ಒಬ್ಬ ಮಾಜಿ ನ್ಯಾಯಾಧೀಶರನ್ನ ನೇಮಿಸಿ, ಅವರಿಗೆ ಮಾತ್ರ ತೋರಿಸಿದ್ರು. 2016ರಲ್ಲಿ ಸಾಂವಿಧಾನಿಕ ಕೋರ್ಟ್ ಕೂಡ ಸರ್ಕಾರದ ಪರ ನಿಂತಿತು. ಅಂದ್ರೆ, ಡಿಶ್ ಜರ್ಮನಿಯದು, ಜಾಗ ಜರ್ಮನಿಯದು, ಆದರೆ ಆ ಡಿಶ್ ಏನು ಹುಡುಕ್ತಿತ್ತು ಅಂತ ಕೇಳೋ ಹಕ್ಕು ಅಲ್ಲಿನ ಜನಪ್ರತಿನಿಧಿಗಳಿಗೇ ಇರಲಿಲ್ಲ.

ಇಂಥ ಕೇಂದ್ರಗಳೇ ಬೇಡ ಅಂತ ನಾನು ಹೇಳ್ತಿಲ್ಲ. ಅಫ್ಘಾನಿಸ್ತಾನದಲ್ಲಿದ್ದ ಜರ್ಮನ್ ಸೈನಿಕರಿಗೆ ಇಲ್ಲಿಂದ ಸಿಕ್ಕ ಮಾಹಿತಿ ರಕ್ಷಣೆ ಕೊಡ್ತಿತ್ತು ಅಂತ ಸರ್ಕಾರ ಹೇಳ್ತು. ಅದನ್ನ ತಳ್ಳಿಹಾಕೋಕಾಗಲ್ಲ. ನನ್ನ ತಕರಾರು ‘ನಮ್ಮವರು ಬಿಟ್ಟು ಬೇರೆ ಯಾರಾದ್ರೂ ಸರಿ’ ಅನ್ನೋ ನಿಯಮದ ಮೇಲೆ. ಆ ನಿಯಮದಲ್ಲಿ ನಾವೆಲ್ಲ, ಪ್ಲಸ್ 91ನವರು, ‘ಬೇರೆ ಯಾರಾದ್ರೂ’.

ವಿದೇಶಿ ಪತ್ರಕರ್ತರು ಇದನ್ನೇ ಪ್ರಶ್ನಿಸಿ ಕೋರ್ಟಿಗೆ ಹೋದ್ರು. 2020ರ ಮೇ 19ರಂದು ಅದೇ ಸಾಂವಿಧಾನಿಕ ಕೋರ್ಟ್ ಹೇಳ್ತು: ಜರ್ಮನ್ ಸರ್ಕಾರ ಎಲ್ಲೇ ಕೆಲಸ ಮಾಡಲಿ, ಮೂಲಭೂತ ಹಕ್ಕುಗಳಿಗೆ ಬದ್ಧ, ಹೊರದೇಶದಲ್ಲಿರೋ ವಿದೇಶಿಯರಿಗೂ ಆ ರಕ್ಷಣೆ ಇದೆ. ಬಿಎನ್‌ಡಿ ಕಾನೂನು ತಿದ್ದೋಕೆ 2021ರ ಕೊನೆವರೆಗೆ ಗಡುವು ಕೊಡ್ತು. ಬೇಹುಗಾರಿಕೆ ನಿಲ್ಲಲಿಲ್ಲ, ಅದಕ್ಕೆ ಮಿತಿ ಮತ್ತು ಮೇಲ್ವಿಚಾರಣೆ ಬಂತು. ನಂಗೆ ಇದೇ ಸರಿ ಅನ್ಸುತ್ತೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ ಕೇಸ್ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನ ಆಧಾರಗಳಲ್ಲೊಂದಾದ 21ನೇ ವಿಧಿ ತೆಗೆದು ನೋಡಿ. ಅಲ್ಲಿರೋದು ‘ನಾಗರಿಕ’ ಅಲ್ಲ, ‘ವ್ಯಕ್ತಿ’.

ನಮ್ಮಲ್ಲಿ ಕೆಲವರು ನಾಳೆ ಆಂಟೆನಾ, ಸಿಗ್ನಲ್ ಪ್ರೊಸೆಸಿಂಗ್ ಕೆಲಸಕ್ಕೇ ಸೇರ್ತಾರೆ. ನಂಗೂ ಅದೇ ಆಸೆ. ‘ನಾನು ಬರೀ ಫಿಲ್ಟರ್ ಬರೆದೆ, ಪಟ್ಟಿ ಯಾರೋ ಕೊಟ್ರು’ ಅಂತ ಬಾಡ್ ಐಬ್ಲಿಂಗ್‌ನಲ್ಲಿ ಯಾರು ಬೇಕಾದ್ರೂ ಹೇಳಬಹುದಿತ್ತು. ಫಿಲ್ಟರ್ ಸೋರುತ್ತೆ ಅಂತ ಎರಡನೇ ವರ್ಷದಲ್ಲೇ ಕಲಿತವರು ನಾವು. ಎಷ್ಟು ಸೋರುತ್ತೆ, ಸೋರಿದ್ದು ಯಾರದು, ಅದನ್ನ ಯಾರು ನೋಡ್ತಾರೆ ಅಂತ ಕೇಳೋದೂ ನಮ್ಮ ಕೆಲಸವೇ.